ಗೋಡೆ ಬಿಡದ ಕೈ

"ನನ್ನ ಮೊದಲ ಮೆಡಲ್ ನಿನ್ನ ಕೈಗೇ ಕೊಡ್ತೇನೆ."

ಹನ್ನೆರಡು ವರ್ಷದ ಹಿಂದೆ, ಕೊಟ್ಟಾರದ ಬಸ್ ಸ್ಟಾಪಿನಲ್ಲಿ ನಿಂತು ಕೌಶಲ್ ಕೊಟ್ಟ ಮಾತು ಅದು. ಮರುದಿನ ಅವನು ನೌಕಾಪಡೆಯ ತರಬೇತಿಗೆ ಹೊರಟಿದ್ದ. ಕಾವೂರು ಕೆರೆಯಲ್ಲೇ ನೀರು ಕುಡಿದವನು ನೀನು, ಮೊದಲು ಸರಿ ಈಜು ಕಲಿ ಮಾರಾಯ ಎಂದು ಬಾಲ್ಯದ ಗೆಳತಿ ಪ್ರಾಪ್ತಿ ನಕ್ಕಿದ್ದಳು.

ನಗು ಅಲ್ಲೇ ಮುಗಿಯಿತು. ಮಾತು ಮಾತ್ರ ಅವಳೊಳಗೆ ಉಳಿದುಬಿಟ್ಟಿತು.

ಅವನ ಮೆಸೇಜುಗಳು ತಿಂಗಳಿಗೊಂದಾಗಿ, ವರ್ಷಕ್ಕೊಂದಾಗಿ, ಕೊನೆಗೆ ನಿಂತೇ ಹೋದವು. ಬಂದ ಎರಡು ಸಂಬಂಧಗಳನ್ನು ಅವಳು ಜಾತಕದ ಮೇಲೆ ಹಾಕಿ ತಪ್ಪಿಸಿದಳು. ನಿಜವಾದ ಕಾರಣ ಯಾರಿಗೂ ಹೇಳುವ ಹಾಗಿರಲಿಲ್ಲ.

ಈಗ ಕೌಶಲನಿಗೆ ಶೌರ್ಯಪದಕ ಬಂದಿತ್ತು. ಕಾಟಿಪಳ್ಳದ ಯುವಕ ಮಂಡಲ ಅವನಿಗೆ ಸನ್ಮಾನ ಇಟ್ಟುಕೊಂಡಿತ್ತು. ಆ ಕಡೆ ಯಾರಿಗೆ ಸನ್ಮಾನವಾದರೂ ಸನ್ಮಾನಪತ್ರ ಬರೆದು ಓದುವವಳು ಕನ್ನಡ ಟೀಚರ್ ಪ್ರಾಪ್ತಿಯೇ. ಮಂಡಲದ ಕಾರ್ಯದರ್ಶಿ ಮುಖೇಶ್ ವಿವರ ಕಳಿಸಿದ. ಕೊನೆಯ ಸಾಲಿಗೆ ಬಂದಾಗ ಅವಳ ಪೆನ್ನು ನಿಂತಿತು.

ಪತ್ನಿ: ಗುಲಾಬಿ. ದಂಪತಿ ಸಮೇತ ಸನ್ಮಾನ. ಎರಡು ಕುರ್ಚಿ, ಒಂದು ಶಾಲು, ಒಂದು ಸೀರೆ.

‘ಮದುವೆಯೇ ಆಗಿದೆ... ಒಂದು ಮಾತು ಹೇಳಲಿಲ್ಲ. ಮೆಡಲ್ ಈಗ ಅವಳ ಕಪಾಟಿನಲ್ಲಿ ಇರ್ತದೆ. ಅಲ್ಲ, ಈ ಕಾಲದಲ್ಲಿ ಗುಲಾಬಿ ಅಂತ ಹೆಸರಿನ ಹುಡುಗಿ ಇವನಿಗೆ ಎಲ್ಲಿ ಸಿಕ್ಕಿದಳು?’

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಮತ್ತೆ ಅಳು ಬಂತು.

ವಿವರದ ಜೊತೆ ಕೌಶಲ್ ಮುಖೇಶನಿಗೆ ಕಳಿಸಿದ್ದ ವಾಯ್ಸ್ ಮೆಸೇಜ್ ಕೂಡ ಇತ್ತು. ಯುದ್ಧ ನಡೆಯುತ್ತಿದ್ದ ದೂರದ ಕಡಲಿನಲ್ಲಿ, ಕ್ಷಿಪಣಿ ಬಿದ್ದು ಹೊತ್ತಿಕೊಂಡ ಎಣ್ಣೆ ಹಡಗು. ಅದರ ಇಂಜಿನ್ ರೂಮಿಗೆ ಅವನು ಮೂರು ಸಲ ಇಳಿದು ಒಂಬತ್ತು ಜನರನ್ನು ಹೊರಗೆ ತಂದಿದ್ದ. ಅದನ್ನು ಅಂಗಡಿಗೆ ಹೋಗಿ ಬಂದ ಹಾಗೆ ಹೇಳಿದ್ದ.

"ಹೊಗೆಯಲ್ಲಿ ಎಂತದೂ ಕಾಣುದಿಲ್ಲ. ಎಡಗೈ ಗೋಡೆಗೆ ಇಟ್ಟುಕೊಂಡೇ ಹೋಗಬೇಕು. ಬಿಟ್ರೆ ವಾಪಸು ದಾರಿ ಸಿಗುದಿಲ್ಲ. ಗೋಡೆ ಸ್ವಲ್ಪ ಬಿಸಿ ಇತ್ತು... ಅಷ್ಟೇ."

ಆ ಸ್ವಲ್ಪ ಬಿಸಿಗೆ ಗ್ಲೌಸ್ ಕರಗಿ, ಅಂಗೈ ಸುಟ್ಟು, ಅವನು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದ ಎಂದು ಮುಖೇಶ್ ಕೆಳಗೆ ಬರೆದಿದ್ದ.

ಪ್ರಾಪ್ತಿ ಆ ಧ್ವನಿಯನ್ನು ಏಳು ಸಲ ಕೇಳಿದಳು. ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಯಾರ ಗಂಡನಾದರೂ ಸರಿ, ಬದುಕಿ ಬಂದನಲ್ಲ ಎಂದುಕೊಂಡು ಬರೆದು ಮುಗಿಸಿದಳು.

ಭಾನುವಾರ ಬೆಳಿಗ್ಗೆ ಬಿಳಿ ಶರ್ಟು, ಪಂಚೆಯಲ್ಲಿ ಕೌಶಲ್ ವೇದಿಕೆಯಲ್ಲಿ ಕೂತಿದ್ದ. ಮೈಕಿನ ಮುಂದೆ ಬಂದವಳನ್ನು ನೋಡಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. ಪಕ್ಕದ ಕುರ್ಚಿ ಖಾಲಿ ಇತ್ತು.

ಪ್ರಾಪ್ತಿ ಅತ್ತ ನೋಡದೆ ಓದಿದಳು. ಬೆಂಕಿ ಓದಿದಳು, ಹೊಗೆ ಓದಿದಳು. ಕೊನೆಯ ಸಾಲನ್ನು ಒಂದೇ ಉಸಿರಿಗೆ ಓದಿ ಮುಗಿಸಲು ಹೊರಟಳು.

"ಧರ್ಮಪತ್ನಿ ಶ್ರೀಮತಿ ಗುಲಾಬಿಯವರೊಡನೆ ನೂರು ಕಾಲ ಬಾಳಿ..."

ಮುಂದಿನ ಸಾಲಿನಿಂದ ಎಪ್ಪತ್ತು ದಾಟಿದ ಹೆಂಗಸೊಬ್ಬರು ಎದ್ದರು. ಕೌಶಲನನ್ನು ಸಾಕಿದ ದೊಡ್ಡಮ್ಮ. ಪ್ರಾಪ್ತಿಯೂ ಚಿಕ್ಕಂದಿನಿಂದ ಅವರನ್ನು ದೊಡ್ಡಮ್ಮ ಎಂದೇ ಕರೆದವಳು. ಅವರಿಗೊಂದು ಹೆಸರು ಉಂಟು ಎಂದು ಯೋಚಿಸಿದ್ದೇ ಇಲ್ಲ.

"ಏ ಮುಖೇಶ, ಜೊತೆಗೆ ಯಾರು ಬರ್ತಾರೆ ಅಂತ ನೀನು ಕೇಳಿದ್ದಕ್ಕೆ ಅವನು ನನ್ನ ಹೆಸರು ಹೇಳಿದ್ದು. ನೀನು ಮದುವೆಯೇ ಮಾಡಿಸಿದ್ದೀಯಲ್ಲ ಮಾರಾಯ. ಇರಲಿ, ಸೀರೆ ಮಾತ್ರ ನಾನು ವಾಪಸು ಕೊಡುದಿಲ್ಲ."

ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪ್ರಾಪ್ತಿ ಸನ್ಮಾನಪತ್ರದಿಂದ ಮುಖ ಮುಚ್ಚಿಕೊಂಡಳು. ವೇದಿಕೆಯಿಂದ ಇಳಿಯುವಾಗ ಖುಷಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಫೋಟೋಕ್ಕೆ ಮೆಡಲ್ ಹಾಕಿಕೊಳ್ಳಲು ಮುಖೇಶ್ ಎಷ್ಟು ಹೇಳಿದರೂ ಕೌಶಲ್ ಕೇಳಲಿಲ್ಲ. ವೇದಿಕೆಯ ಹಿಂದೆ, ಹಣ್ಣಿನ ಬುಟ್ಟಿಗಳ ನಡುವೆ, ಅವಳನ್ನು ಹುಡುಕಿಕೊಂಡು ಬಂದ. ಬಲಗೈಯಲ್ಲಿ ಸಣ್ಣ ಪೆಟ್ಟಿಗೆ ಇತ್ತು. ಎಡಗೈ ಬೆನ್ನ ಹಿಂದೆ.

"ಒಂದು ಫೋನ್ ಮಾಡಬಹುದಿತ್ತಲ್ಲ," ಎಂದಳು ಪ್ರಾಪ್ತಿ.

"ಮಾಡಿದ್ರೆ ನೀನು ಮೆಡಲಿನ ಫೋಟೋ ಕಳಿಸು ಅಂತಿದ್ದೆ. ನಾನು ಕೈಗೆ ಕೊಡ್ತೇನೆ ಅಂದದ್ದು. ಮತ್ತೆ... ನಿನಗೆ ಮದುವೆ ಆಗಿದ್ರೆ ಅಂತ ಹೆದರಿಕೆ."

"ಬೆಂಕಿಗೆ ಮೂರು ಸಲ ಇಳಿದವನಿಗೆ ಹೆದರಿಕೆಯಾ?"

"ಅಲ್ಲಿ ಹಿಡಿಯಲಿಕ್ಕೆ ಗೋಡೆ ಇತ್ತು."

ಅವಳು ಪೆಟ್ಟಿಗೆ ತೆಗೆದುಕೊಂಡಳು. ಆದರೆ ತನ್ನ ಇನ್ನೊಂದು ಕೈಯನ್ನು ಚಾಚಿಯೇ ಇಟ್ಟಳು.

"ಆ ಕೈಯೂ ಕೊಡು."

"ಎಡಗೈ ಕೊಡಬಾರದು ಅಂತ ದೊಡ್ಡಮ್ಮ ಬೈತಾರೆ. ನೋಡ್ಲಿಕ್ಕೂ ಚಂದ ಇಲ್ಲ."

"ಗೋಡೆ ಬಿಡದ ಕೈ ನನಗೆ ಆಗ್ತದೆ."

ಸುಟ್ಟು ಸುಕ್ಕಾದ ಆ ಅಂಗೈ ಅವಳ ಅಂಗೈಯೊಳಗೆ ಮೆಲ್ಲಗೆ ಬಂತು.

"ಇನ್ನು ಬಿಡುದಿಲ್ಲ," ಎಂದ.

"ಬಿಟ್ರೆ ದಾರಿ ಸಿಗುದಿಲ್ಲ ಅಂತ ನೀನೇ ಹೇಳಿದ್ದಲ್ಲ."

ಮೆಡಲ್ ಪ್ರಾಪ್ತಿಯ ಕೈಯಲ್ಲಿತ್ತು. ಕೊಟ್ಟಾರದಲ್ಲಿ ಕೊಟ್ಟ ಮಾತನ್ನು ಕೌಶಲ್ ಉಳಿಸಿಕೊಂಡ.