ಮೊಣಕಾಲ ಮೇಲಿನ ಟ್ಯಾಂಕ್

ಶೆಡ್ಡಿನ ಬಾಗಿಲು ತೆಗೆದವನನ್ನು ಕಂಡು ಅವಳ ಕೈಯಲ್ಲಿದ್ದ ಟಾರ್ಚ್ ಜಾರಿತು.

ಬೆಸುಗೆಯವನು! ಮೂರು ವರ್ಷದ ಹಿಂದೆ ಅವಳನ್ನು ಮದುವೆಯಾಗಬೇಕಿದ್ದವನು. ಅವನು ಬೆಸೆದ ಪೆಟ್ರೋಲ್ ಟ್ಯಾಂಕ್ ಒಡೆದೇ ಅವಳ ಅಣ್ಣ, ತಾನೇ ಕಟ್ಟಿದ ಪುಟ್ಟ ವಿಮಾನದಲ್ಲಿ ಸುಟ್ಟುಹೋಗಿದ್ದ.

"ನಾನು ಕಟ್ಟಿದ ವಿಮಾನ ಪರೀಕ್ಷಿಸೋಕೆ ಇನ್‌ಸ್ಪೆಕ್ಟರ್ ಬರ್ತಾರೆ ಅಂದಿದ್ರು... ನೀನು ಅಂತ ಗೊತ್ತಿರಲಿಲ್ಲ," ಎಂದ.

"ನನಗೂ ಬರೀ ವಿಳಾಸ ಕೊಟ್ಟಿದ್ರು. ಗೊತ್ತಿದ್ರೆ ಬರ್ತಿರಲಿಲ್ಲ."

ತಪಾಸಣೆ ನಮೂನೆಯ ಮೊದಲ ಪ್ರಶ್ನೆ: ವಿಮಾನ ಕಟ್ಟಿದವರು ನಿಮ್ಮ ಸಂಬಂಧಿಕರೇ? 'ಅಲ್ಲ' ಎಂದು ಒತ್ತಿ ಬರೆದಳು.

ಕಾಕ್‌ಪಿಟ್‌ಗೆ ಬಗ್ಗಿ, ಮೀಟರ್ ಹಲಗೆಯ ಹಿಂದೆ ಬೆಳಕು ಬಿಟ್ಟಳು. ಅಣ್ಣನ ವಿಮಾನದಲ್ಲಿ ಟ್ಯಾಂಕ್ ಇದ್ದದ್ದು ಅಲ್ಲೇ, ಅವನ ಮೊಣಕಾಲುಗಳ ಮೇಲೆ. ಪೆಟ್ರೋಲ್ ತಾನಾಗಿಯೇ ಎಂಜಿನ್‌ಗೆ ಇಳಿಯುತ್ತದೆ, ಪಂಪ್ ಬೇಡ, ತೂಕ ಕಡಿಮೆ... ಹಾಗೆಂದು ನಕ್ಷೆ ಬರೆದವಳು ಅವಳೇ. ಬೆಸುಗೆ ಬಿಟ್ಟಿತೆಂದು ಕೇಳಿದ ದಿನ ಅವಳಿಗೆ ಒಳಗೊಳಗೇ ನಿರಾಳವಾಗಿತ್ತು.

ಇಲ್ಲಿ ಆ ಜಾಗ ಖಾಲಿ.

"ಟ್ಯಾಂಕ್ ಎಲ್ಲಿ?"

"ಎರಡೂ ರೆಕ್ಕೆಯಲ್ಲಿ. ಮೂಗು ಕುಟ್ಟಿದ್ರೂ ಪೆಟ್ರೋಲ್ ಮೈಮೇಲೆ ಚೆಲ್ಲಲ್ಲ. ರೆಕ್ಕೆ ಕಿತ್ತುಹೋದ್ರೆ ಪೈಪ್ ತಾನೇ ಮುಚ್ಕೊಳ್ಳತ್ತೆ."

"ಈಗ ಬಂತಾ ಬುದ್ಧಿ?"

ಅವನು ರೆಕ್ಕೆಯ ಮುಚ್ಚಳ ಬಿಚ್ಚಿ ಪೈಪ್ ತೋರಿಸಿದ.

ಆಗ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಕಪ್ಪು ತಗಡು ಕಂಡಿತು. ಅಣ್ಣನ ಟ್ಯಾಂಕ್! ಇಳಿಸಿ, ಅಂಚಿನುದ್ದಕ್ಕೂ ಬೆರಳಾಡಿಸಿದಳು. ಬೆಸುಗೆ ಎಲ್ಲೂ ಬಿಟ್ಟಿರಲಿಲ್ಲ. ವಿಮಾನ ನೆಲಕ್ಕೆ ಮೂಗು ಕುಟ್ಟಿದಾಗ ಎಂಜಿನ್ ಹಿಂದಕ್ಕೆ ನುಗ್ಗಿ, ತಗಡು ನಟ್ಟನಡುವೆ ಹರಿದಿತ್ತು.

ತಪ್ಪು ಆ ಜಾಗದ್ದು. ನನ್ನ ನಕ್ಷೆಯದು...

"ಬೆಸುಗೆ ಬಿಟ್ಟಿತು ಅಂತ ಅಮ್ಮನ ಎದುರು ನೀನೇ ಒಪ್ಕೊಂಡೆಯಲ್ಲ... ಯಾಕೆ?"

"ಮಗನ್ನ ಕಳ್ಕೊಂಡಿದ್ರು. ಮಗಳನ್ನೂ ಕಳ್ಕೊಳ್ಳೋದು ಬೇಡ ಅನ್ನಿಸ್ತು."

"ನಾನು ನಿನ್ನ ಮುಖಕ್ಕೆ ಬಾಗಿಲು ಹಾಕಿದೆ."

"ಬೆರಳು ಸಿಕ್ಕಿಹಾಕ್ಕೊಳ್ಳಲಿಲ್ಲ, ಪುಣ್ಯ."

ಅವಳಿಗೆ ನಗು ಬರಲಿಲ್ಲ. ತಗಡನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೇ ಕುಳಿತು ಅತ್ತಳು. ಅವನು ಪಕ್ಕದಲ್ಲಿ ಕುಳಿತ, ಮುಟ್ಟಲಿಲ್ಲ.

ಕಣ್ಣೊರೆಸಿಕೊಂಡು ಅವಳು ನಮೂನೆಯಲ್ಲಿ ಏನೋ ತಿದ್ದಿ ಅವನ ಕೈಗಿಟ್ಟಳು. "ಇದಕ್ಕೆ ಬೇರೆ ಇನ್‌ಸ್ಪೆಕ್ಟರ್‌ನ ಕರೆಸು."

"ಕೆಲಸದಲ್ಲಿ ತಪ್ಪಿದೆಯಾ?"

"ಮೊದಲನೇ ಪ್ರಶ್ನೆ ನೋಡು."

'ಅಲ್ಲ' ಎಂಬುದನ್ನು ಹೊಡೆದುಹಾಕಿ, 'ಆಗುವವರು' ಎಂದು ಬರೆದಿತ್ತು.

"ಅಮ್ಮನಿಗೆ ಇವತ್ತೇ ಎಲ್ಲ ಹೇಳ್ತೀನಿ," ಎಂದಳು. "ನಮ್ಮಿಬ್ಬರನ್ನೂ ಒಳಗೆ ಬಿಡದೇ ಇರಬಹುದು... ನನ್ನ ಜೊತೆ ಬಾಗಿಲಲ್ಲಿ ನಿಲ್ತೀಯಾ?"

"ನಿಲ್ತೀನಿ," ಎಂದ ಅವನು ಮೆಲ್ಲಗೆ. "ಆ ಬಾಗಿಲು ನನಗೆ ಅಭ್ಯಾಸ ಇದೆ."