ಕರಿಬಂಡೆಯ ಹತ್ತಿರ ನಿಲ್ಲುವ ಇಂಜಿನ್

ಬಹಳ ಹಿಂದೆ, ಆಮೆ ಹಾವುಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಅಳಿವೆಪುರ ಎಂಬ ರಾಜ್ಯವಿತ್ತು. ಅಲ್ಲಿ ದೋಣಿಗಳಿಗೆ ಇಂಜಿನ್ನೂ ಇತ್ತು. ಕತೆ ಅಂದಮೇಲೆ ಎಲ್ಲ ಇರುತ್ತದೆ, ನಡುವೆ ಬಾಯಿ ಹಾಕಬೇಡಿ.

ಆ ರಾಜ್ಯದ ಕಡಲಲ್ಲೊಂದು ಕರಿಬಂಡೆ, ಬಂಡೆಯ ಮೇಲೆ ಕ್ಷಾರಾಕ್ಷನೆಂಬ ಮಾಂತ್ರಿಕ. ಹತ್ತಿರ ಹೋದ ದೋಣಿಯ ಇಂಜಿನ್ ನಿಂತುಬಿಡುತ್ತಿತ್ತು. ದೋಣಿಯವರು ಹೆದರಿ ಕೈಮುಗಿಯುತ್ತಿದ್ದರು. ಮುಗಿದ ಕೂಡಲೇ ಉಪ್ಪಿನ ಕಂಬವಾಗಿ ಬಂಡೆಯ ಮೇಲೆ ನಿಲ್ಲುತ್ತಿದ್ದರು. ಹಾಗೆ ಹನ್ನೊಂದು ಜನ ಹೋದರು. ಒಂದು ಮಳೆಗೆ ನಾಲ್ವರು ಕರಗಿಯೇಬಿಟ್ಟರು. ಉಳಿದವರಲ್ಲೊಬ್ಬ ಶೀನ, ಇಂಜಿನ್ ರಿಪೇರಿಯ ಅಕ್ಕಣಿಯ ತಮ್ಮ.

ಮತ್ತೆ ಮೋಡ ಕವಿಯಿತು. ಅಕ್ಕಣಿ ದೋಣಿ ನೂಕಿದಳು. ಅವಳ ಅಪ್ಪ ಐತಪ್ಪ ಊರ ಗುರಿಕಾರ, ಅಂದರೆ ಹಿರಿತಲೆ. ಹೊರಡುವ ಪ್ರತಿ ದೋಣಿಗೂ ತೀರ್ಥ ಚಿಮುಕಿಸಿ, ಪೆಟ್ರೋಲ್ ಟ್ಯಾಂಕಿಗೂ ಒಂದು ಹನಿ ಬಿಡುವುದು ಅವನ ಕೆಲಸ. ಬಂಡೆಯ ಕಡೆ ಹೊರಟವರಿಗೆ ಮಾತ್ರ ಹೆದರಿಕೆಗೆ ಕೈ ಹೆಚ್ಚು ಬಾಗುತ್ತಿತ್ತು. ಮಗಳು ಆಚೆ ತಿರುಗಿದ್ದಾಗ ಅರ್ಧ ಚೊಂಬು ಸುರಿದ.

ಸ್ವಲ್ಪ ದೂರ ಹೋದಮೇಲೆ ಇಂಜಿನ್ ಕಾದು ಹೊಗೆಯಾಡಿತು. ಒಂದು ಆಮೆ ತಲೆಯೆತ್ತಿ, "ಇದು ಒಡೆಯನ ಮಂತ್ರ, ಕೈಮುಗಿ" ಎಂದಿತು.

"ಮೊದಲು ನೋಡ್ತೇನೆ, ಕೈಮುಗಿಯೋದು ಆಮೇಲೆ" ಎಂದಳು ಅಕ್ಕಣಿ. ತಣಿಸುವ ನೀರು ಒಳಹೋಗುವ ತೂತಿಗೆ ಪಾಚಿ ಕಟ್ಟಿತ್ತು. ತಂತಿಯಿಂದ ಕೆದಕಿ ತೆಗೆದಳು.

ಇನ್ನಷ್ಟು ದೂರ ಹೋದಮೇಲೆ ಇಂಜಿನ್ ಓಡುತ್ತಿದ್ದರೂ ದೋಣಿ ಕದಲಲಿಲ್ಲ. ಎರಡು ತಲೆಯ ಹಾವು, "ಇದು ಒಡೆಯನ ಮಂತ್ರ, ಕೈಮುಗಿ" ಎಂದಿತು.

"ಮೊದಲು ನೋಡ್ತೇನೆ, ಕೈಮುಗಿಯೋದು ಆಮೇಲೆ." ನೀರಿನಡಿಯಲ್ಲಿ ತಿರುಗಿ ದೋಣಿ ನೂಕುವ ಫ್ಯಾನಿನ ಪಿನ್ನು ತುಂಡಾಗಿತ್ತು. ಮೊಳೆಯೊಂದನ್ನು ಕತ್ತರಿಸಿ ತೂರಿಸಿದಳು.

ಬಂಡೆಯ ಬಳಿ ಅಲೆಗಳು ದೋಣಿಯನ್ನು ಎತ್ತಿ ಕುಕ್ಕಿದವು. ಇಂಜಿನ್ ಎರಡು ಸಲ ಕೆಮ್ಮಿ ಸತ್ತಿತು. ಹಗ್ಗ ಎಳೆದಳು, ಎಳೆದಳು. ಊಹೂಂ. ಮೇಲೆ ಶೀನ ಬೆಳ್ಳಗೆ ನಿಂತಿದ್ದ. ಮೊದಲ ಹನಿಗಳು ಬಿದ್ದೇಬಿಟ್ಟವು.

"ನನ್ನ ಮಂತ್ರ!" ಕ್ಷಾರಾಕ್ಷ ನಕ್ಕ. "ಕೈಮುಗಿ, ತಮ್ಮನ ಪಕ್ಕದಲ್ಲೇ ನಿಲ್ಲಿಸ್ತೇನೆ."

ಅಕ್ಕಣಿಯ ಕೈ ಅರ್ಧ ಮೇಲೆದ್ದಿತ್ತು. ಅವಳಿಗೂ ಹೆದರಿಕೆಯೇ. ಆದರೂ ಆ ಕೈಯನ್ನು ಇಳಿಸಿ ಕಾರ್ಬೊರೇಟರಿನ ಅಡಿಯ ಸ್ಕ್ರೂ ಬಿಚ್ಚಿ, ಒಳಗಿದ್ದುದನ್ನು ತೆಂಗಿನ ಗೆರಟೆಗೆ ಬಸಿದಳು. ಮೇಲೆ ಪೆಟ್ರೋಲ್, ಕೆಳಗೆ ನೀರು. ನೀರಿನಲ್ಲಿ ತುಳಸಿಯ ಚೂರು.

ಅದು ಅಪ್ಪನ ಚೊಂಬಿನದು. ಟ್ಯಾಂಕಿನ ತಳದಲ್ಲಿ ಕೂತ ತೀರ್ಥ ಬಂಡೆಯ ಅಲೆಗೆ ಕದಡಿ ಇಂಜಿನ್ನಿಗೆ ಹೋಗುತ್ತಿತ್ತು. ಹನ್ನೊಂದು ಸಲವೂ ಅಷ್ಟೇ ಆಗಿತ್ತು.

"ಸುಳ್ಳು ಬೊಗಳ್ಬೇಡ!" ಎಂದು ಗೆರಟೆ ಎತ್ತಿ ಹಿಡಿದಳು. "ಇದು ಮಂತ್ರ ಅಲ್ಲ, ನೀರು!"

ಪೈಪನ್ನು ತೀರ್ಥ ಬೀಳದ ಬೇರೆ ಪೆಟ್ರೋಲ್ ಕ್ಯಾನಿಗೆ ಹಾಕಿ, ಪ್ಲಗ್ ಒರೆಸಿ, ಹಗ್ಗ ಎಳೆದಳು. ಮೂರನೆಯ ಎಳೆತಕ್ಕೆ ಇಂಜಿನ್ ಗುಡುಗಿತು. ಇಂಜಿನ್ ನಿಲ್ಲಿಸಿದ್ದು ಕ್ಷಾರಾಕ್ಷನೇ ಎಂದು ನಂಬಿದವರ ಮೇಲೆ ಮಾತ್ರ ಅವನ ಆಟ ನಡೆಯುತ್ತಿತ್ತು. ಆ ಸುಳ್ಳು ಬಯಲಾದದ್ದೇ ತಡ, ಅವನೇ ಉಪ್ಪಾಗಿ ನಿಂತ, ಮಳೆಗೆ ಕರಗಿ ಕಡಲು ಸೇರಿದ. ಏಳು ಜನ ಉಸಿರೆಳೆದು ಕಣ್ಣುಬಿಟ್ಟರು. ಶೀನನ ಎರಡು ಬೆರಳು ಮಾತ್ರ ಕರಗಿಹೋಗಿದ್ದವು.

ದಡದಲ್ಲಿ ಐತಪ್ಪ ಮಗನನ್ನು ತಬ್ಬಿ ಅತ್ತ. "ಅವ ಎಂತ ಮಂತ್ರ ಹಾಕ್ತಿದ್ದ ಮಗಾ?"

ಅಕ್ಕಣಿಗೆ ಸುಳ್ಳು ಹೇಳಲು ಮನಸ್ಸಾಯಿತು, ಬಾಯಿ ಬರಲಿಲ್ಲ. "ಮಂತ್ರ ಇರ್ಲಿಲ್ಲ ಅಪ್ಪ. ಟ್ಯಾಂಕಲ್ಲಿ ನಿಮ್ಮ ತೀರ್ಥ ಇತ್ತು."

ಐತಪ್ಪ ಮಗನನ್ನು ಬಿಟ್ಟು ಹೊರಟ. ಒದ್ದೆ ಬಟ್ಟೆಯಲ್ಲೇ ಕರಗಿಹೋದ ನಾಲ್ವರ ಮನೆಗೂ ಹೋಗಿ, ತನ್ನ ಬಾಯಿಂದಲೇ ಹೇಳಿದ. ಮೂರು ಮನೆಯವರು ಅತ್ತು, ಬೈದು, ಕೊನೆಗೆ ಒಳಗೆ ಕರೆದರು. ನಾಲ್ಕನೆಯ ಮನೆಯ ಹೆಂಗಸು ಬಾಗಿಲು ಹಾಕಿಕೊಂಡಳು.

ಆಮೇಲೆ ಅಳಿವೆಪುರದವರು ಉಂಡು, ನಕ್ಕು, ಮಕ್ಕಳುಮರಿಗಳೊಂದಿಗೆ ಸುಖವಾಗಿ ಬಾಳಿದರು. ಐತಪ್ಪ ಬದುಕಿರುವವರೆಗೂ ದಿನಾ ಬೆಳಿಗ್ಗೆ ಆ ನಾಲ್ಕನೆಯ ಮನೆಗೆ ಮೀನು ಒಯ್ದ. ಅವಳು ಒಂದು ದಿನವೂ ಬೇಡ ಎನ್ನಲಿಲ್ಲ, ಒಂದು ದಿನವೂ ಕೂರಿ ಎನ್ನಲಿಲ್ಲ.