ಗರಗಸದ ಇನ್ನೊಂದು ಹಿಡಿ

"ತಳ್ಬೇಡಿ."

ಅವನು ಅವಳಿಗೆ ಹೇಳಿದ ಮೊಟ್ಟಮೊದಲ ಮಾತು ಅದು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ... ಕಾಲುದಾರಿಗೆ ಅಡ್ಡ ಬಿದ್ದ ಮರದ ಆ ಕಡೆ ಅವನು, ಈ ಕಡೆ ಅವಳು, ನಡುವೆ ಎರಡು ಹಿಡಿಯ ಉದ್ದನೆಯ ಗರಗಸ.

"ಯಾರು ತಳ್ತಾ ಇದ್ದಾರೆ?" ಅಂದಳು ಅವಳು, ಬೆವರು ಒರೆಸಿಕೊಳ್ಳುತ್ತಾ.

"ನೀವೇ. ನಿಮ್ಮ ಸರದಿ ಬಂದಾಗ ಎಳೀರಿ. ನನ್ನ ಸರದಿ ಬಂದಾಗ ಸುಮ್ನೆ ಬಿಟ್ಟುಕೊಡಿ. ಅಷ್ಟೇ ಕೆಲಸ."

ಅಷ್ಟೇ ಕೆಲಸವಂತೆ! ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಮುಂದಿನ ಸರದಿಗೆ ಕೈ ಸಡಿಲ ಬಿಟ್ಟಳು ನೋಡಿ, ಗರಗಸ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ತಲೆ ಎತ್ತಿದರೆ ಅವನು ನಗುತ್ತಿದ್ದ. ಮೀಸೆಯ ತುದಿಗೆ ಮರದ ಹೊಟ್ಟು ಅಂಟಿಕೊಂಡಿತ್ತು. ಅವಳು ಸೋತದ್ದು ಆಗಲೇ... ಒಪ್ಪಿಕೊಳ್ಳಲು ಮಾತ್ರ ತಯಾರಿರಲಿಲ್ಲ.

ಅದು ಹೋದ ವರ್ಷದ ಮಾತು. ಬೆಟ್ಟದ ಆ ದೊಡ್ಡ ರಾಷ್ಟ್ರೀಯ ಉದ್ಯಾನದಲ್ಲಿ ಚಾರಣಕ್ಕೆ ಬರುವವರ ದಾರಿಗಳನ್ನು ಸರಿಪಡಿಸಲು, ಹೊಸ ದಾರಿ ಕಡಿಯಲು ಪ್ರತಿ ಬೇಸಿಗೆಗೆ ಒಂದು ಗುಂಪು ಮೇಲೆ ಹೋಗಿ ಶಿಬಿರ ಹೂಡುತ್ತದೆ. ಮೋಟಾರು ಗರಗಸದ ಸದ್ದಿಗೆ ಪ್ರಾಣಿಗಳು ಬೆದರುತ್ತವೆ ಎಂದು ಅಲ್ಲಿ ಅದನ್ನು ಬಿಡುವುದಿಲ್ಲ. ಎಲ್ಲವೂ ಕೈಯಲ್ಲೇ ಆಗಬೇಕು. ಗುಂಪಿಗೆ ಸೇರಿದವರಿಗೆಲ್ಲ ಒಂದೊಂದು ಅಡ್ಡಹೆಸರು. ಬಾಯಿ ಬಿಡದ ಅವನು ಗುಮ್ಮ. ಬಾಯಿ ಮುಚ್ಚದ ಅವಳು ಮೆಣಸು.

ಆ ಬೇಸಿಗೆಯಿಡೀ ಗುಮ್ಮ ಮತ್ತು ಮೆಣಸು ಒಂದೇ ಗರಗಸಕ್ಕೆ ಜೋಡಿಯಾಗಿದ್ದರು. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಾಗ ಅವನು ತನ್ನ ನೀಲಿ ಚೌಕಳಿ ಅಂಗಿಯನ್ನು ಸೀಳಿ ಅವಳ ಕಡೆಯ ಹಿಡಿಗೆ ಸುತ್ತಿಕೊಟ್ಟಿದ್ದ. ಹೇಗೂ ಹರಿದಿತ್ತು ಅಂದಿದ್ದ. ಹರಿದಿರಲಿಲ್ಲ. ಹಿಂದಿನ ದಿನ ಅವನು ಅದನ್ನೇ ತೊಟ್ಟಿದ್ದನ್ನು ಅವಳು ನೋಡಿದ್ದಳು. 'ನೀವು' ಹೋಗಿ 'ನೀನು' ಬಂದದ್ದು ಯಾವತ್ತು ಅಂತ ಇಬ್ಬರಿಗೂ ಗೊತ್ತಿಲ್ಲ. ಕೆಲಸ ಮುಗಿದು ಬೆಟ್ಟ ಇಳಿಯುವಾಗ, ಮುಂದಿನ ವರ್ಷ ಬರ್ತೀಯಲ್ಲ ಎಂದು ಅವನು ಮತ್ತೆ ಮತ್ತೆ ಕೇಳಿದ್ದ. ಗುಮ್ಮನ ಮಟ್ಟಿಗೆ ಅದು ದೊಡ್ಡ ಭಾಷಣವೇ.

ಚಳಿಗಾಲವಿಡೀ ಬಟ್ಟೆ ಅಂಗಡಿಯಲ್ಲಿ ಮೀಟರ್ ಹಿಡಿದು ಬಟ್ಟೆ ಹರಿಯುತ್ತಾ, ನೀಲಿ ಚೌಕಳಿ ಕಂಡಾಗಲೆಲ್ಲ ತನ್ನಷ್ಟಕ್ಕೆ ನಗುತ್ತಾ ಕಾದಳು. ಬೇಸಿಗೆ ಬಂದ ಕೂಡಲೇ ಬಂದಳು.

ಮೊದಲ ಬೆಳಿಗ್ಗೆ ಸಾಮಾನಿನ ಶೆಡ್ಡಿನ ಮುಂದೆ ನಿಂತು ಮೇಸ್ತ್ರಿ ಜೋಡಿಗಳನ್ನು ಕೂಗಿದರು. ಗರಗಸಕ್ಕೆ ಗುಮ್ಮ ಮತ್ತು ಹೊಸ ಹುಡುಗಿ. ಕಲ್ಲಿನ ಮೆಟ್ಟಿಲಿಗೆ ಮೆಣಸು.

ಅವಳು ಮೇಸ್ತ್ರಿಯ ಬೆನ್ನು ಬಿದ್ದು ಯಾಕೆ ಅಂತ ಕೇಳಿದಳು. ಅವರು ಮೀಸೆಯಲ್ಲೇ ನಕ್ಕರು.

"ಅವನ ಹತ್ರ ಮಾತಾಡಿಯೇ ಮಾಡಿದ್ದಮ್ಮ. ನಿನಗೆ ಗೊತ್ತಿಲ್ವಾ?"

ಅಂದರೆ... ಅವನೇ ಹೇಳಿದ್ದಾನೆ. ಇವಳು ಬೇಡ ಅಂತ ಅವನೇ ಹೇಳಿದ್ದಾನೆ. ಅದು ಊರಿಗೆಲ್ಲ ಗೊತ್ತು, ತನಗೊಬ್ಬಳಿಗೇ ಗೊತ್ತಿಲ್ಲ.

ತಿರುಗಿ ನೋಡಿದಳು. ಹೊಸ ಹುಡುಗಿ ಗರಗಸ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಅವಳ ಕಡೆಯ ಹಿಡಿಗೆ ನೀಲಿ ಚೌಕಳಿ ಬಟ್ಟೆ ಸುತ್ತಿತ್ತು. ಹೊಸದಾಗಿ, ಬಿಗಿಯಾಗಿ, ತುದಿಯನ್ನು ಒಳಗೆ ಮಡಚಿ, ಅವನು ಮಾತ್ರ ಸುತ್ತುವ ಹಾಗೆ.

ಅಂಗಿ ಇನ್ನೂ ಎಷ್ಟು ಜನಕ್ಕೆ ಸಾಲುತ್ತದೋ ನೋಡೋಣ ಅಂದುಕೊಂಡಳು. ಕಣ್ಣು ತುಂಬಿದ್ದಕ್ಕೆ ಗಾಳಿಯನ್ನು ಬೈದಳು.

ಪಾಪ, ಹೊಸ ಹುಡುಗಿ ಕೆಟ್ಟವಳಲ್ಲ. ಅದೇ ದೊಡ್ಡ ತೊಂದರೆ. ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು. ಮಾತಿಗೊಮ್ಮೆ ಕಿಲಕಿಲ ನಗುತ್ತಿದ್ದಳು ಅಂತ ಗುಂಪಿನವರು ಕಿಲಕಿಲ ಅಂತಲೇ ಕರೆದರು. ಅವಳು ಮೆಣಸನ್ನು ಮೊದಲ ದಿನವೇ 'ಅಕ್ಕಾ' ಅಂದಳು. ಹೆಚ್ಚೆಂದರೆ ಎರಡು ವರ್ಷ ದೊಡ್ಡವಳು ನಾನು, ಅಕ್ಕ ಅಂತೆ ಅಕ್ಕ! ಅದನ್ನಾದರೂ ಸಹಿಸಬಹುದು. ಗುಂಪಿನ ಗಂಡಸರನ್ನೆಲ್ಲ ಬಾಯ್ತುಂಬ 'ಅಣ್ಣ' ಅನ್ನುವ ಹುಡುಗಿ ಗುಮ್ಮನನ್ನು ಮಾತ್ರ 'ರೀ' ಅನ್ನುತ್ತಿದ್ದಳು. "ರೀ, ಎಣ್ಣೆ ಎಲ್ಲಿ? ರೀ, ಸ್ವಲ್ಪ ನಿಲ್ರಿ." ಪ್ರತಿ 'ರೀ'ಗೂ ಮೆಣಸಿನ ಸುತ್ತಿಗೆ ಕಲ್ಲಿನ ಮೇಲೆ ಒಂದು ಏಟು ಜೋರಾಗಿ ಬೀಳುತ್ತಿತ್ತು. ಆ ವಾರ ಮೆಟ್ಟಿಲುಗಳು ಲೆಕ್ಕಕ್ಕಿಂತ ಬೇಗ ಎದ್ದವು. ಮೇಸ್ತ್ರಿಗೆ ಬಹಳ ಸಂತೋಷವಾಯಿತು.

ಒಂದು ಸಂಜೆ ಊಟಕ್ಕೆ ಕೂತಾಗ ಕಿಲಕಿಲ, ಶೆಡ್ಡಿನ ಗೋಡೆಗೆ ಆ ಸೊಟ್ಟ ಗರಗಸ ಯಾಕೆ ತೂಗುಹಾಕಿದ್ದೀರಿ ಅಂತ ಕೇಳಿದಳು. ಒದ್ದೆ ಕಾಲುಚೀಲ ಒಣಗಿಸಲು ಎಲ್ಲರೂ ಬಳಸುತ್ತಿದ್ದ ಗರಗಸ ಅದು. ಅಡುಗೆಯಕ್ಕ ಸೌಟು ಹಿಡಿದೇ ಕಥೆ ಹೇಳಿದಳು. ಅವಳು ಮೇಸ್ತ್ರಿಯ ಹೆಂಡತಿ. ಮದುವೆಯಾದ ವರ್ಷ ಗಂಡ ಹೆಂಡತಿ ಅದೇ ಗರಗಸ ಹಿಡಿದಿದ್ದರಂತೆ. ಅತ್ತೆಮನೆ ವಿಷಯಕ್ಕೆ ಮಾತು ಬೆಳೆದು, ಸಿಟ್ಟಿನಲ್ಲಿ ಇಬ್ಬರೂ ಒಟ್ಟಿಗೇ ತಳ್ಳಿ, ಅಲಗು ಬಿಲ್ಲಿನ ಹಾಗೆ ಬಾಗಿತಂತೆ. ಅವತ್ತಿನಿಂದ ಮೇಸ್ತ್ರಿಯ ಕಾನೂನು: ಗಂಡ ಹೆಂಡತಿ ಒಂದೇ ಗರಗಸ ಮುಟ್ಟುವ ಹಾಗಿಲ್ಲ.

ಎಲ್ಲರೂ ನಕ್ಕರು. ಗುಮ್ಮ ನಗಲಿಲ್ಲ. ತಟ್ಟೆಯಿಂದ ತಲೆ ಎತ್ತಿ ಮೆಣಸಿನ ಕಡೆಯೇ ನೋಡುತ್ತಿದ್ದ. ಆ ಕ್ಷಣ ಅವಳು ಅವನ ಮುಖ ನೋಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳು ಕಿಲಕಿಲ ಯಾರನ್ನು ನೋಡುತ್ತಿದ್ದಾಳೆ ಅಂತ ಕಾಯುತ್ತಿದ್ದಳು. ಹೊಟ್ಟೆಕಿಚ್ಚಿಗೆ ಕಣ್ಣಿರುತ್ತದೆ, ನೋಡಬೇಕಾದ ಕಡೆ ಇರುವುದಿಲ್ಲ.

ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಸದ್ದು. ಕೆಳಗಿನ ಇಳಿಜಾರಿನಲ್ಲಿ ಅವರು ಮರ ಕೊಯ್ಯುವುದು ಮೇಲೆ ಮೆಟ್ಟಿಲು ಕೂರಿಸುತ್ತಿದ್ದ ಅವಳಿಗೆ ಕೇಳುತ್ತಿತ್ತು. ಮೊದಲ ದಿನಗಳಲ್ಲಿ ಗರಗಸ ಅಲ್ಲಲ್ಲಿ ತಡೆದು, ಕಿರುಗುಟ್ಟಿ, ನಿಂತು ನಿಂತು ಹೋಗುತ್ತಿತ್ತು. ಆಗ ಅವಳಿಗೆ ಊಟ ರುಚಿಸುತ್ತಿತ್ತು. ಬರಬರುತ್ತಾ ಸದ್ದು ಹದಕ್ಕೆ ಬಂತು. ಹೋಗುವುದೊಂದು ಸದ್ದು, ಬರುವುದೊಂದು ಸದ್ದು, ಎಲ್ಲೂ ತೊಡಕಿಲ್ಲ. ಆ ಹುಡುಗಿ ಬಿಟ್ಟುಕೊಡಲು ಕಲಿತಿದ್ದಳು.

'ನಮ್ಮ ಸದ್ದು ಅದು... ನಮ್ಮಿಬ್ಬರದು.'

ಅವಳು ಸುತ್ತಿಗೆ ಕೆಳಗಿಟ್ಟು ಕಲ್ಲಿನ ಮೇಲೆ ಕೂತು ಅತ್ತಳು. ಯಾರೂ ನೋಡಲಿಲ್ಲ ಅಂದುಕೊಂಡಳು. ನೀರು ತಂದ ಅಡುಗೆಯಕ್ಕ ನೋಡಿದ್ದಳು. ಹೊಸದಾಗಿ ಮದುವೆ ಗೊತ್ತಾದ ಹುಡುಗಿಯರು ಅಳುವುದು ಇದ್ದದ್ದೇ ಎಂದು ಸುಮ್ಮನಾದಳು.

ಗುಮ್ಮ ಸುಮ್ಮನಿರಲಿಲ್ಲ ಅಂತಲೂ ಹೇಳಬೇಕು. ಮೊದಲ ಸಂಜೆಯೇ ನಲ್ಲಿಯ ಹತ್ತಿರ ಬಂದು, ಒಂದು ಮಾತಿತ್ತು ಅಂದ. ನನಗೆ ಕೆಲಸವಿದೆ ಅಂತ ಅವಳು ಖಾಲಿ ಕೊಡ ಎತ್ತಿಕೊಂಡು ಹೋದಳು. ಇನ್ನೊಮ್ಮೆ ಮೆಟ್ಟಿಲ ಹತ್ತಿರ ಬಂದ. ನಿನ್ನ ಜೋಡಿ ಕಾಯ್ತಾ ಇರ್ತಾಳೆ, ಹೋಗು ಅಂದಳು. ಅವನ ಮುಖ ಪೆಚ್ಚಾಯಿತು. ಆಮೇಲೆ ಬರಲಿಲ್ಲ. ಬರದಿದ್ದಕ್ಕೂ ಅವಳಿಗೆ ಸಿಟ್ಟು ಬಂತು.

ಕೊನೆಗೆ ಅವಳು ನಿರ್ಧಾರ ಮಾಡಿದಳು. ಕಣಿವೆಯ ಆಚೆ ಇನ್ನೊಂದು ಗುಂಪಿತ್ತು. ಸಾಮಾನಿನ ಜೀಪು ಬಂದಾಗ ಅದರಲ್ಲೇ ಅಲ್ಲಿಗೆ ಹೋಗಿಬಿಡುವುದು. ಅಲ್ಲಿಗೆ ಹೋದರೆ ಮತ್ತೆ ಈ ಗುಂಪಿಗೆ ತೆಗೆದುಕೊಳ್ಳುವುದಿಲ್ಲ. ಅದು ಗೊತ್ತಿದ್ದೇ ಚೀಲ ಕಟ್ಟಿದಳು.

ಜೀಪು ಬರುವ ಹಿಂದಿನ ರಾತ್ರಿ ಗಾಳಿ ಬೀಸಿತು. ಬೆಳಿಗ್ಗೆ ನೋಡಿದರೆ ಜೀಪಿನ ದಾರಿಗೆ ಅಡ್ಡವಾಗಿ ಒಂದು ಹಳೇ ಮರ ಉರುಳಿತ್ತು. ಮರದ ಆಚೆ ಜೀಪು ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಅವಸರದಲ್ಲಿ ಇಳಿಜಾರು ಇಳಿದ ಕಿಲಕಿಲ ಕಾಲು ಉಳುಕಿಸಿಕೊಂಡು ಕೂತಿದ್ದಳು. ಉಳಿದವರೆಲ್ಲ ಮೇಲಿನ ಸೇತುವೆಯ ಕೆಲಸಕ್ಕೆ ಹೋಗಿಯಾಗಿತ್ತು.

ಮೇಸ್ತ್ರಿ ತಲೆ ಕೆರೆದುಕೊಂಡರು. ಗುಮ್ಮನನ್ನು ನೋಡಿದರು, ಮೆಣಸನ್ನು ನೋಡಿದರು, ದೊಡ್ಡದೊಂದು ನಿಟ್ಟುಸಿರು ಬಿಟ್ಟರು. ಇದೊಂದು ಸಲ ಮಾತ್ರ ಹಿಡಿಯಿರಿ, ಹಿಡಿದಾಗ ಮಾತಾಡಬೇಡಿ ಅಂದರು.

ಹೋಗಬೇಕಾದರೆ ಈ ಮರ ಕೊಯ್ಯಬೇಕು. ಕೊಯ್ಯಬೇಕಾದರೆ ಅವನ ಎದುರು ನಿಲ್ಲಬೇಕು. ಅವಳು ನೀಲಿ ಬಟ್ಟೆಯ ಹಿಡಿಗೆ ಕೈ ಹಾಕಿದಳು. ಬಟ್ಟೆ ಇನ್ನೊಬ್ಬಳ ಅಂಗೈಗೆ ಸವೆದಿತ್ತು.

ಸ್ವಲ್ಪ ಹೊತ್ತು ಗರಗಸ ಚೆನ್ನಾಗಿಯೇ ನಡೆಯಿತು. ಕೈಗಳಿಗೆ ಹಳೆಯದೆಲ್ಲ ನೆನಪಿತ್ತು. ಆಗ ಬದಿಯಲ್ಲಿ ಕೂತಿದ್ದ ಕಿಲಕಿಲ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. "ರೀ, ಅಕ್ಕನಿಗೆ ಸುಸ್ತಾದೀತು, ನಿಧಾನಕ್ಕೆ ಎಳೀರಿ."

ಅವಳ ಕೈ ಬಿಗಿಯಿತು. ಅವನು ಎಳೆಯುವಾಗ ಅವಳು ಬಿಡಲಿಲ್ಲ, ಇದ್ದ ಬಲವೆಲ್ಲ ಹಾಕಿ ತಳ್ಳಿದಳು. ಅಲಗು ನಡುವೆ ಬಾಗಿ, ಮರ ಅದನ್ನು ಗಬಕ್ಕನೆ ಕಚ್ಚಿಕೊಂಡಿತು.

"ತಳ್ತಾ ಇದ್ದೀಯ," ಅಂದ ಅವನು ಮೆಲ್ಲಗೆ.

"ಹೌದು, ತಳ್ತಾ ಇದ್ದೀನಿ. ನೀನು ನನ್ನ ತಳ್ಳಲಿಲ್ವಾ? ಮುಖ ನೋಡಿ ಬೇಡ ಅಂದಿದ್ರೆ ಹೋಗ್ತಿದ್ದೆ. ಮೇಸ್ತ್ರಿ ಹತ್ರ ಯಾಕೆ ಹೇಳಿಸಿದೆ?"

ಅವನು ಬಾಯಿ ತೆರೆಯುವಷ್ಟರಲ್ಲಿ ಮೇಲಿನಿಂದ ಮೇಸ್ತ್ರಿಯ ದನಿ ಕೇಳಿತು.

"ಬಡ್ಕೊಂಡೆ ನಾನು! ಇದಕ್ಕೇ ಕಣಯ್ಯ ಗಂಡ ಹೆಂಡ್ತೀನ ಒಂದೇ ಗರಗಸಕ್ಕೆ ಹಾಕಲ್ಲ ಅಂದಿದ್ದು. ಮದುವೆಗೆ ಮುಂಚೆನೇ ಹೀಗಾದ್ರೆ ಆಮೇಲೆ ಇಡೀ ಶೆಡ್ಡೇ ಸೊಟ್ಟ ಮಾಡ್ತೀರಿ."

ಹಾರ್ನ್ ಕೂಡ ನಿಂತಿತು.

"ಯಾರ ಮದುವೆ?" ಅಂದಳು ಅವಳು.

ಮೇಸ್ತ್ರಿ ಅವನನ್ನು ನೋಡಿದರು. ಅವನು ನೆಲ ನೋಡುತ್ತಿದ್ದ.

"ಅಯ್ಯೋ... ನೀನು ಇನ್ನೂ ಕೇಳೇ ಇಲ್ವೇನೋ?"

ಹಿಂದೆಯೇ ಬಂದಿದ್ದ ಅಡುಗೆಯಕ್ಕ ಹಣೆ ಚಚ್ಚಿಕೊಂಡು, ಗಂಡನ ತೋಳು ಹಿಡಿದು ಎಳೆದುಕೊಂಡು ಹೋದಳು.

ಅವಳು ಅರ್ಧ ಕೊಯ್ದ ಮರಕ್ಕೇ ಒರಗಿದಳು. ಗುಮ್ಮ ಬಾಯಿ ಬಿಟ್ಟ. ಈ ವರ್ಷ ಅವಳನ್ನು ಮದುವೆಗೆ ಕೇಳಬೇಕು ಅಂತಿದ್ದೇನೆ ಎಂದು ಅವಳು ಬರುವ ಹಿಂದಿನ ದಿನ ಮೇಸ್ತ್ರಿಗೆ ಹೇಳಿದ್ದನಂತೆ. ಮೇಸ್ತ್ರಿ ಅದನ್ನು ಗೊತ್ತಾದ ಮದುವೆ ಅಂತಲೇ ಹಿಡಿದು, ಬೆಳಗಾಗುವಷ್ಟರಲ್ಲಿ ಕಾನೂನು ಜಾರಿ ಮಾಡಿದರಂತೆ.

"ನನ್ನ ಬಿಟ್ಟು ಮೇಸ್ತ್ರಿಗೆ ಯಾಕೆ ಮೊದಲು ಹೇಳಿದೆ?"

"ಧೈರ್ಯ ಬರಲಿ ಅಂತ. ಸಂಜೆ ನಿನ್ನ ಹತ್ರ ಬಂದೆ, ನೀನು ಕೊಡ ಎತ್ಕೊಂಡು ಹೋದೆ. ಮೇಸ್ತ್ರಿ ನಿನಗೆ ಹೇಳಿಬಿಟ್ಟಿದ್ದಾರೆ, ನಿನಗೆ ಇಷ್ಟ ಇಲ್ಲ... ಅಂದ್ಕೊಂಡೆ."

"ಮತ್ತೆ ಈ ಬಟ್ಟೆ?"

"ನಿನಗೇ ಸುತ್ತಿದ್ದು. ನೀನು ಬರ್ತೀಯ ಅಂತ. ಅವಳು ಹಿಡಿದ ಮೇಲೆ ಬಿಚ್ಚಿಕೊಡು ಅಂತ ಹೇಗೆ ಕೇಳ್ಲಿ?"

ಅಷ್ಟು ದಿನ ಉರಿದದ್ದೆಲ್ಲ ಒಮ್ಮೆಗೇ ತಣ್ಣಗಾಗಿ ಅವಳಿಗೆ ನಾಚಿಕೆಯಾಯಿತು. ಕಿಲಕಿಲಳ ಕಡೆ ನೋಡಿದಳು. ಅವಳು ನಗಲು ಸ್ವಲ್ಪ ತಡ ಮಾಡಿದಳು. ಆಮೇಲೆ ನಕ್ಕಳು. ಹಾಗಾದರೆ ಇನ್ನು ಮೇಲೆ ಭಾವ ಅಂತೀನಿ ಎಂದು, ಉಳುಕಿದ ಕಾಲನ್ನು ಎಳೆದುಕೊಂಡು ಅಡುಗೆ ಮನೆಯ ಕಡೆ ಹೋದಳು. ಅವಳ ಬಾಯಲ್ಲಿ ಅಕ್ಕ ಅನ್ನಿಸಿಕೊಳ್ಳುವುದು ಮೆಣಸಿಗೆ ಮೊದಲ ಬಾರಿ ಇಷ್ಟವಾಯಿತು.

ಅವನು ಕೊಯ್ದ ಸಂದಿಗೆ ಮರದ ಬೆಣೆ ಹೊಡೆದ. ಸಂದಿ ಬಿಟ್ಟುಕೊಂಡು ಗರಗಸ ಸಡಿಲವಾಯಿತು. ಅಲಗು ಸೊಟ್ಟಾಗಿರಲಿಲ್ಲ, ಪುಣ್ಯಕ್ಕೆ.

"ನೀನು ಹೂಂ ಅಂದ್ರೆ ನಾವಿಬ್ಬರೂ ಮತ್ತೆ ಒಟ್ಟಿಗೆ ಗರಗಸ ಹಿಡಿಯೋ ಹಾಗಿಲ್ಲ. ಮೇಸ್ತ್ರಿ ಬಿಡಲ್ಲ," ಅಂದ ಅವನು. "ಉಹೂಂ ಅಂದ್ರೆ ನಾಳೆಯಿಂದಲೇ ಜೋಡಿ. ಯಾವುದು ಬೇಕು?"

ಅವಳು ಮರ ನೋಡಿದಳು. ಅರ್ಧ ಕೊಯ್ದಾಗಿತ್ತು. ಆಸೆಬುರುಕಿ, ಅವಳಿಗೆ ಎರಡೂ ಬೇಕಿತ್ತು.

"ಇನ್ನೂ ಅರ್ಧ ಮರ ಇದೆ," ಅಂದಳು. "ಇದು ಮುಗಿಯೋವರೆಗೂ ನಾನು ಏನೂ ಹೇಳಲ್ಲ. ಮುಗಿದ ಮೇಲೆ ಹೂಂ ಅಂತೀನಿ."

ಅವನ ಮೀಸೆಯ ತುದಿಯಲ್ಲಿ ಮರದ ಹೊಟ್ಟು ಅಂಟಿತ್ತು. ಇಬ್ಬರೂ ಹಿಡಿಗೆ ಕೈ ಹಾಕಿದರು. ಆಚೆಯಿಂದ ಜೀಪಿನವನು ಮತ್ತೆ ಹಾರ್ನ್ ಹೊಡೆದ.

"ನಿಧಾನಕ್ಕೆ ಎಳಿ," ಅಂದಳು ಅವಳು.

"ಇಲ್ಲ," ಅಂದ ಗುಮ್ಮ. "ಬೇಗ ಎಳೀತೀನಿ."